ನದೀತೀರದ ವರ್ತಕನ ಮಳಿಗೆ: ಒಂದು ಪರಂಪರಾವಿಚಾರ

(ಸಿಂಧಘಟ್ಟದಲ್ಲಿ ನೀಡಿದ ದತ್ತಿ ಉಪನ್ಯಾಸ)



ತಮ್ಮ ಗಳಿಕೆಯ ಒಂದು ಭಾಗವನ್ನು ವಿದ್ಯೆಗೆಂದು ಮೀಸಲಿರಿಸಿ, ಅದರ ಬಡ್ಡಿಯಿಂದ ನಾಡಿನ ಹಿತಕ್ಕೆ ಸಂಬಂಧಪಟ್ಟ ವಿಷಯವೊಂದು ಸಾರ್ವಜನಿಕ ವಿಚಾರಕ್ಕೆ ಬರುವಂತೆ ಏರ್ಪಡಿಸುವುದು ನಮ್ಮ ದೇಶದಲ್ಲಿ ಬಹು ಹಿಂದಿನಿಂದ ನಡೆದುಬಂದ ವಿದ್ಯಾದಾನದ ಒಂದು ರೂಪವೇ ಆಗಿದೆ. ಆ ದಾನದ ಫಲವನ್ನು ತಮ್ಮೊಡನೆ ಹಂಚಿಕೊಳ್ಳುವ ಅವಕಾಶವನ್ನು ಕಲ್ಪಿಸಿಕೊಟ್ಟ ಸಂಚಾಲಕರಿಗೆ ನನ್ನ ಹೃತ್ಪೂರ್ವಕವಾದ ಕೃತಜ್ಞತೆಗಳು ಸಲ್ಲುತ್ತವೆ.

ನಾನು ಆರಿಸಿಕೊಂಡಿರುವ ವಿಷಯ, ನದಿಯ ದಂಡೆಯಲ್ಲಿ ನಿಂತ ಹಳೆಯ ಕಾಲದ ವರ್ತಕನ ಮಳಿಗೆ ಮತ್ತು ಅದರ ಪರಂಪರಾಮೌಲ್ಯ. ವರ್ತಕರು ದೇವರಿಗೆ ಕೊಟ್ಟುದನ್ನು ನಾವು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದೇವೆ. ಆದರೆ ಹಾಗೆ ಕೊಡುವುದಕ್ಕೆ ಬೇಕಾದ ಸಂಪತ್ತು ಯಾವ ಛಾವಣಿಯ ಕೆಳಗೆ ಕೂಡಿತೋ, ಯಾವ ಜಗಲಿಯ ಮೇಲೆ ಅಳತೆಗೆ ಬಂದಿತೋ, ಯಾವ ಬಾಗಿಲಿನಿಂದ ಊರೂರಿಗೆ ಹರಿದುಹೋಯಿತೋ ಆ ಕಟ್ಟಡವನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಈ ಅಸಮತೆಯಿಂದ ನಮ್ಮ ಚರಿತ್ರೆಯ ಒಂದು ದೊಡ್ಡ ಭಾಗ ಸಾಕ್ಷಿಯಿಲ್ಲದೆ ಹೋಗುತ್ತಿದೆ ಎಂಬುದೇ ತಮ್ಮ ಮುಂದೆ ಇಂದು ನಾನು ಇಡಬೇಕೆಂದಿರುವ ಮಾತಿನ ಸಾರ.

೧. ಉಳಿದ ದಾನ, ಅಳಿದ ದಾಸ್ತಾನು

ಈ ವಿಚಾರವನ್ನು ಎತ್ತಿಕೊಳ್ಳುವುದಕ್ಕೆ ಸಿಂಧಘಟ್ಟವು ಯೋಗ್ಯವಾದ ಸ್ಥಳ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವೂ ಜಂಗಮೇಶ್ವರ ದೇವಾಲಯವೂ ಇರುವ ಊರಿದು. ವಿಜಯನಗರದ ಅರಸರ ಕಾಲದಲ್ಲಿ ಸೆಟ್ಟಿಯೊಬ್ಬನ ಮಗನು ಇಲ್ಲಿ ಮಸೀದಿಯೊಂದನ್ನು ಕಟ್ಟಿಸಿ ದತ್ತಿ ಬಿಟ್ಟ ಸಂಗತಿಯನ್ನು ಶಾಸನವು ದಾಖಲಿಸಿದೆ. ಇಲ್ಲಿಂದ ಹೆಚ್ಚು ದೂರ ಹೋಗದೆ ಕಿಕ್ಕೇರಿಯ ಬ್ರಹ್ಮೇಶ್ವರನನ್ನು, ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನು, ಹೊಸಹೊಳಲಿನ ಲಕ್ಷ್ಮೀನಾರಾಯಣನನ್ನು ಕಂಡುಬರಬಹುದು. ಹಿಂದೆ ಅತ್ತಿಕುಪ್ಪೆಯೆಂದು ಹೆಸರಾಗಿದ್ದ ಕೃಷ್ಣರಾಜಪೇಟೆಯ ಸೀಮೆಯಷ್ಟು ಶಿಲ್ಪಸಮೃದ್ಧವಾದ ಸೀಮೆಗಳು ಕನ್ನಡ ನಾಡಿನಲ್ಲಿ ವಿರಳ.

ಇಷ್ಟು ಕಲ್ಲು ಕೆಲಸಕ್ಕೆ ಹಣ ಬಂದುದೆಲ್ಲಿಂದ? ಅರಸರ ಮತ್ತು ದಂಡನಾಯಕರ ಔದಾರ್ಯವನ್ನು ನಾವು ಬಲ್ಲೆವು. ಆದರೆ ಶಾಸನಗಳನ್ನು ಓದಿದವರಿಗೆ ಸೆಟ್ಟಿಗಳ ಪಾತ್ರವೂ ಅಷ್ಟೇ ಸ್ಪಷ್ಟವಾಗಿ ಗೋಚರಿಸುತ್ತದೆ. ಶ್ರವಣಬೆಳಗೊಳದ ತೇರಿನ ಬಸದಿಯನ್ನು ೧೧೧೭ರಲ್ಲಿ ಕಟ್ಟಿಸಿದವರು ಮಾಚಿಕಬ್ಬೆ ಮತ್ತು ಶಾಂತಿಕಬ್ಬೆ ಎಂಬ ಇಬ್ಬರು ಮಾತೆಯರು. ಅವರ ಮಕ್ಕಳಾದ ಪೊಯ್ಸಳ ಸೆಟ್ಟಿ ಮತ್ತು ನೇಮಿ ಸೆಟ್ಟಿಯರು ವಿಷ್ಣುವರ್ಧನನ ಆಸ್ಥಾನದ ರಾಜವರ್ತಕರಾಗಿದ್ದರು. ಹೊಸಹೊಳಲಿನ ಜಿನಾಲಯದ ಹಿಂದೆ ನೊಳಬಿ ಸೆಟ್ಟಿಯ ಧನವಿದೆ. ಅಯ್ಯಾವೊಳೆ ಐನೂರ್ವರು, ನಾನಾದೇಶಿಗಳು, ಪಟ್ಟಣಸ್ವಾಮಿಗಳು, ವಡ್ಡವ್ಯವಹಾರಿಗಳು ಎಂದು ಶಾಸನಗಳು ಗೌರವದಿಂದ ಹೆಸರಿಸುವ ಈ ಜನ ಮೆಣಸಿನ ಹೇರು, ಅಡಕೆಯ ಹೇರು, ಎಲೆಯ ಹೊರೆ, ಗಾಣದ ಎಣ್ಣೆ ಮುಂತಾದವುಗಳ ಮೇಲೆ ತಾವೇ ಗೊತ್ತುಮಾಡಿಕೊಂಡ ಅಂಶವನ್ನು ನಂದಾದೀವಿಗೆಗೂ ನೈವೇದ್ಯಕ್ಕೂ ಬಿಟ್ಟುಕೊಟ್ಟಿದ್ದಾರೆ.

ಹೀಗೆ ಹೇರುಗಳ ಲೆಕ್ಕ ನಮಗೆ ಕಲ್ಲಿನಲ್ಲಿ ಸಿಕ್ಕಿದೆ. ಆ ಹೇರುಗಳನ್ನು ಇಳಿಸಿದ ಮನೆಗಳು ಸಿಕ್ಕಿಲ್ಲ. ತೇರಿನ ಬಸದಿಯ ಮುಂದೆ ನಿಂತು ಮಾಚಿಕಬ್ಬೆಯ ಭಕ್ತಿಯನ್ನು ನಾವು ಊಹಿಸಿಕೊಳ್ಳಬಲ್ಲೆವು; ಅವಳ ಮಗನ ಮಳಿಗೆಯ ವಿಸ್ತಾರವೆಷ್ಟು, ಅಲ್ಲಿ ದುಡಿಯುತ್ತಿದ್ದ ಕೂಲಿಗಳೆಷ್ಟು, ಸರಕನ್ನು ಮಳೆಯಿಂದಲೂ ಇಲಿಯಿಂದಲೂ ಕಳ್ಳರಿಂದಲೂ ಅವನು ರಕ್ಷಿಸುತ್ತಿದ್ದ ಕ್ರಮವೇನು ಎಂದು ಕೇಳಿದರೆ ಉತ್ತರಿಸುವ ಒಂದು ಗೋಡೆಯೂ ನಿಂತಿಲ್ಲ.

೨. ಕಾವೇರಿಯ ದಂಡೆ ಮತ್ತು ಗಂಜಾಮು

ನದೀತೀರದ ವ್ಯಾಪಾರವೆಂದೊಡನೆ ಹಾಯಿದೋಣಿಗಳ ಸಾಲು ಮನಸ್ಸಿಗೆ ಬರುವುದುಂಟು. ನಮ್ಮ ಮೇಲುನಾಡಿನ ಕಾವೇರಿ, ಹೇಮಾವತಿ, ಲೋಕಪಾವನಿಗಳ ಸ್ವಭಾವ ಬೇರೆ. ಬಂಡೆಗಳಿಂದಲೂ ಮಡುಗಳಿಂದಲೂ ಅಣೆಕಟ್ಟುಗಳಿಂದಲೂ ತಡೆದು ತಡೆದು ಹರಿಯುವ ಈ ಹೊಳೆಗಳು ಸರಕನ್ನು ಊರಿಂದೂರಿಗೆ ಹೊತ್ತೊಯ್ಯುವ ಜಲಮಾರ್ಗಗಳಾಗಲಿಲ್ಲ. ಇಲ್ಲಿ ಸರಕು ನಡೆದದ್ದು ಹೇರೆತ್ತಿನ ಬೆನ್ನಿನ ಮೇಲೆ, ಲಂಬಾಣಿಗರ ತಾಂಡಗಳಲ್ಲಿ, ಅನಂತರ ಜೋಡೆತ್ತಿನ ಗಾಡಿಗಳಲ್ಲಿ. ಹೊಳೆಯು ಆ ದಾರಿಗೆ ಅಡ್ಡಬಂದ ಸ್ಥಳದಲ್ಲಿ ಹರಿಗೋಲು ಸರಕನ್ನು ದಾಟಿಸಿತು. ಆಷಾಢ ಶ್ರಾವಣಗಳಲ್ಲಿ ಹೊಳೆ ತುಂಬಿ ಹರಿಗೋಲು ನಿಂತಾಗ ಕರಾವಳಿಯ ಉಪ್ಪು, ಮಲೆನಾಡಿನ ಅಡಕೆ, ಬಯಲುಸೀಮೆಯ ಎಣ್ಣೆಕಾಳು ಎಲ್ಲವೂ ದಡದಲ್ಲಿ ಕಾಯಬೇಕಾಗಿತ್ತು. ಆ ಕಾಯುವ ಕೆಲಸವನ್ನು ಮಾಡಿದ ಕಟ್ಟಡವೇ ನದೀತೀರದ ಮಳಿಗೆ. ಹೊಳೆಯನ್ನೂ ದಾರಿಯನ್ನೂ ಋತುವನ್ನೂ ಒಟ್ಟಿಗೆ ಲೆಕ್ಕಹಾಕಿ ಕಟ್ಟಿದ ಕಟ್ಟಡವಾದ್ದರಿಂದ ಅದು ಊರೊಳಗಿನ ಅಂಗಡಿಗಿಂತ ಭಿನ್ನವಾದ ಸೃಷ್ಟಿ.

ನಮ್ಮ ಪ್ರದೇಶದಲ್ಲಿ ಇಂಥ ವರ್ತಕವಸತಿಯ ಅತಿ ದೊಡ್ಡ ಉದಾಹರಣೆ ಶ್ರೀರಂಗಪಟ್ಟಣದ ಕೋಟೆಯ ಪೂರ್ವದಲ್ಲಿ, ಕಾವೇರಿಯ ಎರಡು ಕವಲುಗಳ ನಡುವೆ ಇರುವ ಗಂಜಾಮು. ಈ ಪೇಟೆಯನ್ನು ಕುಶಲಕರ್ಮಿಗಳಿಂದ ತುಂಬಿಸುವುದಕ್ಕಾಗಿ ಟಿಪ್ಪುಸುಲ್ತಾನನು ಶಿರಾದಿಂದ ೧೨,೦೦೦ ಕುಟುಂಬಗಳನ್ನು ಎಬ್ಬಿಸಿ ತಂದು ಇಲ್ಲಿ ನೆಲೆಗೊಳಿಸಿದನೆಂದು ಲೂಯಿ ರೈಸ್ ತನ್ನ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ನೆಲೆ ಬಿಟ್ಟು ಬಂದ ಆ ಜನರ ದುಃಖವನ್ನೂ ನಾವು ಮರೆಯಲಾಗದು. ಅವರ ಕೈಗಳ ದುಡಿಮೆಯಿಂದ ಗಂಜಾಮು ಬೆಳೆದುದನ್ನೂ ಮರೆಯಲಾಗದು. ರಾಜ್ಯವೇ ವರ್ತಕನ ಸ್ಥಾನದಲ್ಲಿ ನಿಂತ ಕಾಲವದು. ಶ್ರೀಗಂಧ, ಮೆಣಸು, ಏಲಕ್ಕಿಗಳ ವ್ಯಾಪಾರವನ್ನು ಟಿಪ್ಪುವಿನ ಸರಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. ಅದಕ್ಕೆ ಬೇಕಾದ ಕೋಠಿಗಳು ರಾಜ್ಯದೊಳಗಲ್ಲದೆ ದೂರದ ಕಚ್ಛದಲ್ಲಿಯೂ ಮಸ್ಕತ್ತಿನಲ್ಲಿಯೂ ಇದ್ದವು. ಹೀಗೆ ಅರಬ್ಬೀ ಸಮುದ್ರದ ಆಚೆಯ ದಡದವರೆಗೆ ಚಾಚಿದ ಒಂದು ವಾಣಿಜ್ಯವ್ಯವಸ್ಥೆಗೆ ಕಾವೇರಿಯ ಈ ನಡುಗಡ್ಡೆಯೇ ಕೇಂದ್ರವಾಗಿತ್ತು.

೧೭೯೨ರ ಮುತ್ತಿಗೆಯಲ್ಲಿ ಗಂಜಾಮು ಆಂಗ್ಲ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ೧೭೯೯ರಲ್ಲಿ ರಾಜಧಾನಿಯಾದ ಶ್ರೀರಂಗಪಟ್ಟಣವೇ ಬಿದ್ದಿತು. ಮರುವರ್ಷ, ಎಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ಕೋಟೆಯೊಳಗೆ ೪,೧೬೩ ಮನೆಗಳೂ ಗಂಜಾಮಿನಲ್ಲಿ ೨,೨೧೬ ಮನೆಗಳೂ ಇದ್ದುದಾಗಿ ಲೆಕ್ಕ ಕೊಡುತ್ತಾನೆ. ಮನೆಗೆ ಐವರಂತೆ ಎಣಿಸಿ ಒಟ್ಟು ಜನಸಂಖ್ಯೆಯನ್ನು ೩೧,೮೯೫ ಎಂದು ಅಂದಾಜು ಮಾಡುತ್ತಾನೆ. ರಾಜಧಾನಿ ಮೈಸೂರಿಗೆ ಹೋಯಿತು, ಆಂಗ್ಲರ ದಂಡು ಬೆಂಗಳೂರಿಗೆ ಹೋಯಿತು, ಜ್ವರವು ನಡುಗಡ್ಡೆಯಲ್ಲಿ ಉಳಿಯಿತು. ೧೮೦೪ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಮೇಲೆ ಗಾಡಿಗಳು ನಿಲ್ಲದೆ ದಾಟಿದವು. ಆ ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರು ಮೈಸೂರುಗಳ ನಡುವಿನ ಉಗಿಬಂಡಿ ನಡುಗಡ್ಡೆಯ ಮೂಲಕವೇ ಹಾದುಹೋಯಿತು. ದಡದಲ್ಲಿ ಕಾಯುವ ಅಗತ್ಯ ತಪ್ಪಿದೊಡನೆ ಕಾಯುವುದಕ್ಕೆಂದು ಹುಟ್ಟಿದ ಕಟ್ಟಡಗಳ ಪ್ರಯೋಜನವೂ ತಪ್ಪಿತು.

ಇಂದು ಗಂಜಾಮಿಗೆ ಹೋದವರು ನಿಮಿಷಾಂಬೆಯ ದರ್ಶನ ಮಾಡುತ್ತಾರೆ, ಗುಂಬಜನ್ನು ನೋಡುತ್ತಾರೆ, ಅಬ್ಬೆ ದುಬಾಯ್ ಕಟ್ಟಿಸಿದ ಇಗರ್ಜಿಯನ್ನು ತಿಳಿದವರು ವಿಚಾರಿಸುತ್ತಾರೆ. ಮೂರು ಮತಗಳ ಪವಿತ್ರಸ್ಥಾನಗಳೂ ಉಳಿದಿರುವುದು ಸಂತೋಷದ ವಿಷಯವೇ. ಆ ಮೂರು ಮತಗಳವರೂ ಸೇರಿ ನಡೆಸುತ್ತಿದ್ದ ಪೇಟೆಯು ಹೇಗಿತ್ತೆಂದು ಕಣ್ಣಿಗೆ ಕಾಣಿಸುವ ಮಳಿಗೆಯೊಂದನ್ನು ಸಂದರ್ಶಕನಿಗೆ ತೋರಿಸುವವರಾರು?

೩. ನೇತ್ರಾವತಿಯ ತೀರ ಮತ್ತು ಬಂದರಿನ ಬಂಡಸಾಲೆಗಳು

ಘಟ್ಟವನ್ನಿಳಿದು ಪಶ್ಚಿಮಕ್ಕೆ ಹೋದರೆ ನದಿಯೇ ದಾರಿಯಾಗಿದ್ದ ದೇಶ ಸಿಗುತ್ತದೆ. ಕೊಡಗಿನಿಂದಲೂ ಮೈಸೂರು ಸೀಮೆಯಿಂದಲೂ ಇಳಿದ ಕಾಫಿ ಮೊದಲಾದ ಸರಕು ಗಾಡಿಗಳಲ್ಲಿ ನೇತ್ರಾವತಿಯ ದಂಡೆಯ ಪಾಣೆಮಂಗಳೂರಿಗೆ ಬಂದು, ಅಲ್ಲಿ ದೋಣಿಗೇರಿ ಮಂಗಳೂರಿನ ಬಂದರನ್ನು ಸೇರುತ್ತಿತ್ತು. ಮರಳುವ ದೋಣಿಗಳು ಉಪ್ಪು, ಒಣಮೀನು, ತೆಂಗಿನಕಾಯಿಗಳನ್ನು ತರುತ್ತಿದ್ದವು. ಎತ್ತಿನ ದಾರಿ ಮುಗಿದು ದೋಣಿಯ ದಾರಿ ತೊಡಗುವ ಇಂಥ ಸಂಧಿಸ್ಥಾನದಲ್ಲಿಯೇ ವರ್ತಕನು ತನ್ನ ಮನೆಯನ್ನೂ ಮಳಿಗೆಯನ್ನೂ ಕಟ್ಟಿದನು. ಪಾಣೆಮಂಗಳೂರು, ಬಂಟ್ವಾಳಗಳು ಪೇಟೆಗಳಾದುದು ಈ ಕಾರಣದಿಂದ.

ಅದೇ ಮಂಗಳೂರಿನಲ್ಲಿ ೧೨ನೆಯ ಶತಮಾನದ ಒಬ್ಬ ವರ್ತಕನ ವಿಷಯ ನಮ್ಮ ವಿಚಾರಕ್ಕೆ ಬಹಳ ಉಪಯುಕ್ತವಾದುದು. ಅಬ್ರಹಾಂ ಬೆನ್ ಯಿಜು ಎಂಬ ಉತ್ತರ ಆಫ್ರಿಕದ ಯೆಹೂದಿ ವರ್ತಕನು ೧೧೩೨ರಿಂದ ೧೧೪೯ರವರೆಗಿನ ಕಾಲದಲ್ಲಿ ಈ ಕರಾವಳಿಯಲ್ಲಿ ನೆಲೆಸಿ, ಮೆಣಸು, ಅಡಕೆ, ಕಬ್ಬಿಣಗಳನ್ನು ಏಡನ್ನಿನ ಕಡೆಗೆ ಕಳುಹಿಸುತ್ತ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತ ಬಾಳಿದನು. ಬೊಮ್ಮ ಎಂಬ ಅವನ ಸೇವಕನು ಯಜಮಾನನ ಪರವಾಗಿ ಏಡನ್ನಿಗೂ ಹೋಗಿಬರುತ್ತಿದ್ದನು. ಇಷ್ಟು ವಿವರ ನಮಗೆ ಗೊತ್ತಾದುದು ಕೈರೋ ನಗರದ ಪ್ರಾಚೀನ ಯೆಹೂದಿ ಮಂದಿರವೊಂದರಲ್ಲಿ ಕಾಗದದ ಚೂರುಗಳನ್ನು ಎಸೆಯದೆ ಕೂಡಿಟ್ಟಿದ್ದುದರಿಂದ, ಮತ್ತು ಗೊಯ್ಟೆಯ್ನ್ ಮುಂತಾದ ವಿದ್ವಾಂಸರು ಅವುಗಳನ್ನು ಓದಿದುದರಿಂದ. ವಿಷ್ಣುವರ್ಧನನು ಆಳುತ್ತಿದ್ದ ಕಾಲದಲ್ಲಿಯೇ ನಮ್ಮ ಕರಾವಳಿಯಲ್ಲಿ ನಡೆದ ಈ ವ್ಯಾಪಾರದ ಪತ್ರಗಳನ್ನು ಪರದೇಶವು ಕಾಯ್ದುಕೊಟ್ಟಿತು. ಆ ಪತ್ರಗಳಲ್ಲಿ ಹೇಳಿದ ಸರಕನ್ನು ತುಂಬಿದ ಮಳಿಗೆಯ ಗುರುತು ನಮ್ಮ ನೆಲದಲ್ಲಿ ಉಳಿಯಲಿಲ್ಲ.

ಆದರೆ ಕರಾವಳಿಯಲ್ಲಿ ಎಲ್ಲವೂ ಕಾಣೆಯಾಗಿಲ್ಲ. ನೇತ್ರಾವತಿ ಗುರುಪುರ ನದಿಗಳು ಕಡಲನ್ನು ಸೇರುವ ಮಂಗಳೂರಿನ ಹಳೆಯ ಬಂದರಿನಲ್ಲಿ ಬಂಡಸಾಲೆಗಳೆಂದು ಕರೆಯುವ ವರ್ತಕರ ಉಗ್ರಾಣಗಳಲ್ಲಿ ಹಳೆಯ ಕೆಲವು ಈಗಲೂ ಇವೆ. ಮುರಕಲ್ಲಿನ ದಪ್ಪ ಗೋಡೆ, ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣದ ಗಾರೆ, ಮರದ ತೊಲೆಗಳ ಮೇಲೆ ಇಳಿಜಾರಾದ ಹೆಂಚಿನ ಮಾಡು, ಸರಕು ಹೊತ್ತ ಆಳು ಬಾಗದೆ ಒಳಹೋಗುವಷ್ಟು ಎತ್ತರದ ಬಾಗಿಲು, ಇವು ಅವುಗಳ ಲಕ್ಷಣ. ಆ ಹೆಂಚಿಗೂ ಚರಿತ್ರೆಯಿದೆ: ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೊಡಗಿದ ಹೆಂಚಿನ ಕಾರ್ಖಾನೆಯಿಂದ ಬೆಳೆದ ಉದ್ಯಮವು ನದಿಯ ದಂಡೆಯ ಜೇಡಿಮಣ್ಣನ್ನೂ ದೋಣಿಯಲ್ಲಿ ಬರುವ ಸೌದೆಯನ್ನೂ ಅವಲಂಬಿಸಿತ್ತು. ನದಿಯು ತಂದ ಮಣ್ಣಿನಿಂದಲೇ ನದೀತೀರದ ಮಳಿಗೆಯ ಮಾಡು ಸಿದ್ಧವಾಯಿತು ಎಂದರೆ ಕಟ್ಟಡಕ್ಕೂ ನದಿಗೂ ಇರುವ ಸಂಬಂಧ ಎಷ್ಟು ಗಾಢವೆಂಬುದು ವೇದ್ಯವಾಗುತ್ತದೆ. ೧೯೭೫ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಗೊಂಡ ಮೇಲೆ ದೊಡ್ಡ ಹಡಗುಗಳ ವ್ಯಾಪಾರವೆಲ್ಲ ಅಲ್ಲಿಗೆ ಹೋಯಿತಾದರೂ ಲಕ್ಷದ್ವೀಪಕ್ಕೆ ಹೋಗುವ ಸರಕು ಹಳೆಯ ಬಂದರಿನ ದಕ್ಕೆಯಿಂದ ಇಂದಿಗೂ ಸಾಗುತ್ತಿದೆ.

೪. ಕಟ್ಟಡವು ಕಲಿಸುವ ಪಾಠ

ಈಗ ಮೌಲ್ಯದ ಮಾತಿಗೆ ಬರೋಣ. ಇಂಥ ಮಳಿಗೆಯಲ್ಲಿ ಶಿಲ್ಪದ ಸೊಬಗಿಲ್ಲ, ರಾಜರ ಹೆಸರಿಲ್ಲ, ಯುದ್ಧದ ಕಥೆಯಿಲ್ಲ. ಹಾಗಿರುವಾಗ ಇದನ್ನು ಪರಂಪರೆಯೆಂದು ಏಕೆ ಎಣಿಸಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಾನು ನಾಲ್ಕು ಕಾರಣಗಳನ್ನು ನಿವೇದಿಸುತ್ತೇನೆ.

ಮೊದಲನೆಯದು, ಮಳಿಗೆಯು ಜನಜೀವನದ ಪ್ರಮಾಣಪತ್ರ. ಅದರ ಒಳಗಿನ ಅಂಕಣಗಳ ಅಳತೆಯಿಂದ ಎಷ್ಟು ಖಂಡುಗ ಧಾನ್ಯ ಹಿಡಿಯುತ್ತಿತ್ತೆಂದು ಗಣಿಸಬಹುದು. ಬಾಗಿಲು ಹೊಳೆಯ ಕಡೆಗಿದೆಯೋ ಗಾಡಿಯ ದಾರಿಯ ಕಡೆಗಿದೆಯೋ ಎಂಬುದರಿಂದ ಸರಕು ಬಂದ ದಿಕ್ಕನ್ನು ತಿಳಿಯಬಹುದು. ಮುಂಭಾಗದಲ್ಲಿ ಜಗಲಿ, ನಡುವೆ ತೊಟ್ಟಿ, ಹಿಂದೆ ಉಗ್ರಾಣ, ಮೇಲೆ ಅಟ್ಟ ಎಂಬ ಕ್ರಮದಿಂದ ವ್ಯವಹಾರವೂ ಸಂಸಾರವೂ ಒಂದೇ ಮಾಡಿನ ಕೆಳಗೆ ನಡೆದ ರೀತಿಯನ್ನು ಗ್ರಹಿಸಬಹುದು. ನಮ್ಮ ಸೀಮೆಯ ರೈತನು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಂತೆ ಇರಿಸುತ್ತಿದ್ದನು; ವರ್ತಕನು ಆ ರಾಗಿಯನ್ನು ಕೊಂಡು ನೆಲದ ಮೇಲೆ ಇರಿಸುತ್ತಿದ್ದನು. ಹಗೇವು ಬರಗಾಲದ ಆಸರೆ, ಮಳಿಗೆ ಸುಭಿಕ್ಷದ ಸಾಧನ. ಎರಡನ್ನೂ ಕಾಣದವನಿಗೆ ಹಳೆಯ ಮೈಸೂರಿನ ಅನ್ನದ ಕಥೆ ಪೂರ್ತಿಯಾಗಿ ತಿಳಿಯದು.

ಎರಡನೆಯದು ಕಟ್ಟೋಣದ ವಿದ್ಯೆ. ಯಂತ್ರವಿಲ್ಲದೆ ಧಾನ್ಯವನ್ನು ಒಣದಾಗಿರಿಸುವುದು ಸಾಮಾನ್ಯವಾದ ಕೆಲಸವಲ್ಲ. ನೆಲದಿಂದ ತೇವ ಏರದಂತೆ ಕಲ್ಲಿನ ಎತ್ತರದ ಅಧಿಷ್ಠಾನ, ಹೊರಗಿನ ಶಾಖವನ್ನು ಒಳಗೆ ಬಿಡದ ದಪ್ಪ ಮಣ್ಣಿನ ಅಥವಾ ಮುರಕಲ್ಲಿನ ಗೋಡೆ, ಬೆಚ್ಚನೆಯ ಗಾಳಿ ಮೇಲೆ ಹೊರಹೋಗುವಂತೆ ಮಾಡಿನಂಚಿನ ಗಾಳಿಕಿಂಡಿ, ಒಂದೊಂದಾಗಿ ತೆಗೆದಿಡಬಹುದಾದ ಹಲಗೆಬಾಗಿಲು, ಉಸಿರಾಡುವ ಸುಣ್ಣದ ಗಾರೆ: ಇವೆಲ್ಲ ತಲೆಮಾರುಗಳ ಪ್ರಯೋಗದಿಂದ ಸಿದ್ಧಿಸಿದ ಉಪಾಯಗಳು. ಅವುಗಳನ್ನು ಬಲ್ಲ ಗಾರೆಕೆಲಸದವರೂ ಬಡಗಿಗಳೂ ದಿನೇದಿನೇ ವಿರಳರಾಗುತ್ತಿದ್ದಾರೆ. ಕಟ್ಟಡವೂ ಹೋದ ಮೇಲೆ ಆ ವಿದ್ಯೆಯನ್ನು ಮರಳಿ ಕಲಿಯುವುದಕ್ಕೆ ಮಾದರಿಯೇ ಇರುವುದಿಲ್ಲ.

ಮೂರನೆಯದು, ನದಿಯ ನೆನಪು. ೧೯೨೩ರ ನೇತ್ರಾವತಿಯ ಮಹಾಪೂರವನ್ನು ದಕ್ಷಿಣ ಕನ್ನಡದವರು ಮಾರಿಬೊಳ್ಳವೆಂದು ಇಂದಿಗೂ ಸ್ಮರಿಸುತ್ತಾರೆ. ಅದರಲ್ಲಿ ಬಂಟ್ವಾಳದ ಪೇಟೆ ನಾಶವಾಯಿತು. ಮರುವರ್ಷ, ೧೯೨೪ರಲ್ಲಿ, ಕಾವೇರಿಯೂ ಅಂತೆಯೇ ಉಕ್ಕಿ ಬಂದಳು. ಅಂಥ ನೆರೆಗಳನ್ನು ಎದುರಿಸಿ ನಿಂತ ಕಟ್ಟಡದ ಅಧಿಷ್ಠಾನದ ಎತ್ತರ, ಅದನ್ನು ದಡದಿಂದ ಎಷ್ಟು ಹಿಂದೆ ಸರಿಸಿ ಕಟ್ಟಿದ್ದಾರೆಂಬ ಅಂತರ, ಅಟ್ಟದ ಮಟ್ಟ, ಇವು ಹಿರಿಯರು ನದಿಯನ್ನು ಕಂಡು ತಿಳಿದುಕೊಂಡ ಸತ್ಯಗಳು. ವಿಯೆಟ್ನಾಮಿನ ಹೋಯ್ ಆನ್ ಎಂಬ ನದೀತೀರದ ಹಳೆಯ ವರ್ತಕನಗರದಲ್ಲಿ ನೆರೆ ಬಂದಾಗ ಸರಕನ್ನು ಮೇಲಕ್ಕೆ ಎಳೆದುಕೊಳ್ಳುವುದಕ್ಕಾಗಿ ಅಟ್ಟದ ನೆಲದಲ್ಲಿಯೇ ತೆರಪು ಬಿಟ್ಟ ಮನೆಗಳಿವೆ, ಗೋಡೆಯ ಮೇಲೆ ವರ್ಷವರ್ಷದ ನೀರಿನ ಮಟ್ಟವನ್ನು ಗುರುತಿಸಿದ್ದಾರೆ. ಆ ನಗರವನ್ನು ಯುನೆಸ್ಕೊ ೧೯೯೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನದೀಪಾತ್ರದ ಅಂಚಿನವರೆಗೂ ಮನೆ ಕಟ್ಟುತ್ತಿರುವ ನಮ್ಮ ಕಾಲಕ್ಕೆ ಇಂಥ ಸಾಕ್ಷಿಗಳ ಅಗತ್ಯ ಹಿಂದಿಗಿಂತ ಹೆಚ್ಚಾಗಿದೆ.

ನಾಲ್ಕನೆಯದು ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು, ವಿಶ್ವಾಸದ ಪರಂಪರೆ. ಭಾಷೆ ಬೇರೆಯಾದ, ಮತ ಬೇರೆಯಾದ, ನೂರಾರು ಹರದಾರಿ ದೂರದ ಜನರು ಒಬ್ಬರ ಸರಕನ್ನು ಒಬ್ಬರು ನಂಬಿ ಇರಿಸಿಕೊಂಡ ಸ್ಥಳ ಮಳಿಗೆ. ಆ ನಂಬಿಕೆ ಬರಹಕ್ಕಿಳಿದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆಗಳಾಗಿ ಮಡಿಚಿದ ಆ ಕಪ್ಪು ಪುಸ್ತಕದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳಿಂದ ಇತಿಹಾಸಕಾರರು ಎಷ್ಟು ಸಂಗತಿಗಳನ್ನು ಹೊರತೆಗೆದಿದ್ದಾರೆಂಬುದನ್ನು ವಿದ್ವಾಂಸರು ಬಲ್ಲರು. ವರ್ತಕರ ಮನೆಗಳ ಅಟ್ಟದಲ್ಲಿದ್ದ ಕಡತಗಳಿಗೆ ಆ ಭಾಗ್ಯ ದೊರೆಯಲಿಲ್ಲ. ಮಳಿಗೆಯನ್ನು ಕೆಡವಿದ ದಿನ ಹಳೆಯ ಹಲಗೆಗಳೊಡನೆ ಅವೂ ಒಲೆಗೆ ಹೋಗುವುದು ಸಾಮಾನ್ಯ. ಕಟ್ಟಡವನ್ನು ಕಳೆದುಕೊಳ್ಳುವುದೆಂದರೆ ಅದರ ಗ್ರಂಥಭಂಡಾರವನ್ನೂ ಕಳೆದುಕೊಳ್ಳುವುದು.

೫. ಅಳಿವಿನ ಕಾರಣಗಳು

ಮಳಿಗೆಗಳು ಅಳಿದುದಕ್ಕೆ ಯಾರೊಬ್ಬರ ದ್ವೇಷವೂ ಕಾರಣವಲ್ಲ. ಸೇತುವೆಯೂ ರೈಲೂ ಬಂದು ದಡದ ನಿಲುಗಡೆ ಅನಾವಶ್ಯಕವಾಯಿತು. ಲಾರಿ ಬಂದ ಮೇಲೆ ಪೇಟೆಯ ಇಕ್ಕಟ್ಟಾದ ಬೀದಿ ವ್ಯಾಪಾರಕ್ಕೆ ಅನನುಕೂಲವಾಯಿತು. ಕೃಷಿ ಉತ್ಪನ್ನಗಳ ಮಾರಾಟವನ್ನು ಕ್ರಮಗೊಳಿಸುವ ೧೯೬೬ರ ಕಾಯಿದೆಯಿಂದ ರೈತನಿಗೆ ತೂಕದಲ್ಲಿಯೂ ಬೆಲೆಯಲ್ಲಿಯೂ ಉಪಕಾರವಾಯಿತು, ಅದು ಸ್ತುತ್ಯವಾದ ಕಾರ್ಯ. ಆದರೆ ಮಂಡಿಗಳು ಊರ ಹೊರಗಿನ ಪ್ರಾಂಗಣಗಳಿಗೆ ಹೋದುದರ ಪರಿಣಾಮವಾಗಿ ಹಳೆಯ ಪೇಟೆಯ ಬೆಲ್ಲದ ಮಂಡಿ, ಕಾಳಿನ ಮಂಡಿಗಳ ಕಟ್ಟಡಗಳು ಬರಿದಾದವು. ಬರಿದಾದ ಕಟ್ಟಡವು ದಾಯಾದಿಗಳಲ್ಲಿ ಹಂಚಿಹೋಗಿ, ಯಾರೊಬ್ಬರಿಗೂ ಪೂರ್ತಿಯಾಗಿ ಸೇರದೆ, ಯಾರೊಬ್ಬರಿಂದಲೂ ದುರಸ್ತಾಗದೆ, ಮಳೆಗಾಲಕ್ಕೊಂದು ಹೆಂಚು ಕಳೆದುಕೊಂಡು ಕಡೆಗೆ ನೆಲದ ಬೆಲೆಗೆ ಮಾರಿಹೋಗುತ್ತದೆ.

ಅನಾಸ್ಥೆಯ ಫಲವೇನೆಂಬುದಕ್ಕೆ ನಮ್ಮ ಮೈಸೂರೇ ಉದಾಹರಣೆ. ೧೯ನೆಯ ಶತಮಾನದ ಕೊನೆಯ ಭಾಗದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ೨೦೧೨ರಲ್ಲಿ ಕುಸಿದು ಜೀವಹಾನಿಯಾಯಿತು. ದೇವರಾಜ ಮಾರುಕಟ್ಟೆಯ ಒಂದು ಭಾಗ ೨೦೧೬ರಲ್ಲಿ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೆ, ಉಳಿಸಿ ದುರಸ್ತಿ ಮಾಡಬೇಕೆ ಎಂಬ ವಾದವು ಬಿದ್ದ ಮೇಲೆ ಬಹುಕಾಲ ನಡೆಯಿತು. ಸಕಾಲದಲ್ಲಿ ಹೆಂಚನ್ನು ಸರಿಪಡಿಸಿದ್ದರೆ, ಗೋಡೆಯ ಮೇಲೆ ಬೇರೂರಿದ ಅರಳಿಯ ಸಸಿಯನ್ನು ಕಿತ್ತಿದ್ದರೆ ವಾದದ ಅಗತ್ಯವೇ ಬಾರದೆ ಹೋಗುವ ಕಟ್ಟಡಗಳು ನಾಡಿನಲ್ಲಿ ಬಹಳವಿವೆ.

೬. ಸಾಧ್ಯವೆಂಬುದಕ್ಕೆ ಪ್ರಮಾಣ

ಇದೆಲ್ಲ ಅಸಾಧ್ಯವೆಂದು ಹೇಳುವವರಿಗೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಜೋಡಿ ರೈಲುಮಾರ್ಗಕ್ಕೆ ಅಡ್ಡವಾದಾಗ, ಅದನ್ನು ಕೆಡವದೆ, ೨೦೧೭ರಲ್ಲಿ ಇಡಿಯ ಕಟ್ಟಡವನ್ನೇ ಬುಡದಿಂದ ಬಿಡಿಸಿ ಹಳಿಗಳ ಮೇಲೆ ಸರಿಸಿ ಬೇರೊಂದೆಡೆ ನಿಲ್ಲಿಸಿದರು. ಕೃಷ್ಣರಾಜಸಾಗರದಲ್ಲಿ ಮುಳುಗಿದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಮದ್ದು ತುಂಬಿದ ಉಗ್ರಾಣಕ್ಕೆ ಸಂದ ಆದರ ಅನ್ನ ತುಂಬಿದ ಉಗ್ರಾಣಕ್ಕೂ ಸಲ್ಲಬೇಕೆಂದು ಕೇಳುವುದರಲ್ಲಿ ಅತಿಶಯವೇನೂ ಇಲ್ಲ.

ತುಂಗಭದ್ರೆಯ ದಂಡೆಯಲ್ಲಿ ಹಂಪೆಯನ್ನು ನೋಡಿ. ೧೬ನೆಯ ಶತಮಾನದ ಆರಂಭದಲ್ಲಿ ಪಾಯಸ್ ಎಂಬ ಪೋರ್ಚುಗೀಸ ಪ್ರವಾಸಿಯು ಕಂಡು ಬೆರಗಾದ ಆ ನಗರದ ವಿರೂಪಾಕ್ಷ ಬಜಾರು, ಕೃಷ್ಣ ಬಜಾರು, ವಿಠ್ಠಲ ಬಜಾರುಗಳ ಕಲ್ಲಿನ ಮಂಟಪಸಾಲುಗಳು ಉಳಿದಿರುವುದರಿಂದಲೇ ಅದು ದೇವರ ಮತ್ತು ದೊರೆಯ ಊರಾಗಿದ್ದುದಲ್ಲದೆ ವರ್ತಕರ ಊರೂ ಆಗಿತ್ತೆಂದು ನಾವು ಕಣ್ಣಾರೆ ಕಾಣುತ್ತೇವೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಎಲ್ಬೆ ನದಿಯ ಬಂದರಿನ ಇಟ್ಟಿಗೆಯ ಉಗ್ರಾಣಗಳ ಸಾಲನ್ನು ಯುನೆಸ್ಕೊ ೨೦೧೫ರಲ್ಲಿ ವಿಶ್ವಪರಂಪರೆಗೆ ಸೇರಿಸಿತು. ಕಾಫಿ, ಚಹ, ಸಂಬಾರಗಳನ್ನು ಇರಿಸಿದ ಕಟ್ಟಡಗಳವು. ಆ ಉಗ್ರಾಣಗಳು ಪೂಜ್ಯವಾದರೆ ಪೂರ್ವದೇಶದ ಇಂಥ ಸರಕನ್ನೇ ಕಡಲಿಗೆ ಕಳುಹಿಸಿದ ನಮ್ಮ ದಡದ ಮಳಿಗೆಗಳು ಉಪೇಕ್ಷೆಗೆ ಏಕೆ ಗುರಿಯಾಗಬೇಕು?

ಶ್ರೀರಂಗಪಟ್ಟಣದ ಸ್ಮಾರಕಗಳು ೨೦೧೪ರಿಂದ ಯುನೆಸ್ಕೊವಿನ ತಾತ್ಕಾಲಿಕ ಪಟ್ಟಿಯಲ್ಲಿವೆ. ಒಂದು ದಿನ ಆ ದ್ವೀಪನಗರಕ್ಕೆ ಪೂರ್ಣವಾದ ಮನ್ನಣೆ ಬರಬೇಕಾದರೆ, ಯುದ್ಧದ ಮತ್ತು ಅರಸೊತ್ತಿಗೆಯ ಕಥೆಯೊಡನೆ ಗಂಜಾಮಿನ ವರ್ತಕರ, ನೇಕಾರರ, ಕೂಲಿಗಳ ಕಥೆಯೂ ಅದರಲ್ಲಿ ಸೇರಿರುವುದು ನ್ಯಾಯ.

೭. ಕರ್ತವ್ಯ

ಖಾಸಗಿ ಸ್ವತ್ತಿನ ವಿಷಯದಲ್ಲಿ ಸಾರ್ವಜನಿಕರು ಕೈಹಾಕುವುದು ಉಚಿತವೇ ಎಂದು ಕೆಲವರು ಕೇಳುತ್ತಾರೆ. ಒಡೆಯನ ಮನಸ್ಸನ್ನು ನೋಯಿಸಿ ಕಟ್ಟಡವನ್ನು ಉಳಿಸಲಾಗದು, ನಿಜ. ಪ್ರಾಚೀನ ಸ್ಮಾರಕಗಳನ್ನು ಕುರಿತ ೧೯೫೮ರ ಕೇಂದ್ರ ಕಾಯಿದೆಯೂ ೧೯೬೧ರ ನಮ್ಮ ರಾಜ್ಯದ ಕಾಯಿದೆಯೂ ಮಹತ್ವದ ಕಟ್ಟಡಗಳ ಸಂರಕ್ಷಣೆಗೆ ಇವೆ. ಆದರೆ ಊರೂರಿನ ಮಳಿಗೆಗಳನ್ನೆಲ್ಲ ಸರಕಾರವೇ ವಹಿಸಿಕೊಳ್ಳುವುದು ಸಾಧ್ಯವೂ ಅಲ್ಲ, ಆವಶ್ಯಕವೂ ಅಲ್ಲ. ಬೀಗ ಹಾಕಿ ಕಾಪಾಡಿದ ಉಗ್ರಾಣಕ್ಕಿಂತ ಬಳಕೆಯಲ್ಲಿರುವ ಉಗ್ರಾಣವು ಹೆಚ್ಚು ಕಾಲ ಬಾಳುತ್ತದೆ. ರೈತರ ಸಹಕಾರ ಸಂಘಕ್ಕೆ ದಾಸ್ತಾನುಮನೆಯಾಗಿ, ಊರಿಗೆ ವಾಚನಾಲಯವಾಗಿ, ಸಂತೆಯ ದಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಮಾರಾಟದ ಸ್ಥಳವಾಗಿ ಅದು ಉಪಯೋಗಕ್ಕೆ ಬರಲಿ. ಅದರ ಮಾಡು, ಗೋಡೆ, ಬಾಗಿಲುಗಳು ಮಾತ್ರ ತಮ್ಮ ಮೂಲಸ್ವರೂಪವನ್ನು ಬಿಡದಿರಲಿ. ಸುಣ್ಣದ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆಯೇ ಕೊಳೆಯುತ್ತದೆ ಎಂಬ ಸಣ್ಣ ತಿಳಿವಳಿಕೆಯೂ ದೊಡ್ಡ ಉಪಕಾರ ಮಾಡೀತು. ಮೂಲರೂಪವನ್ನು ಉಳಿಸಿಕೊಳ್ಳುವ ಒಡೆಯನಿಗೆ ಕಂದಾಯದಲ್ಲಿ ರಿಯಾಯಿತಿಯನ್ನು ಸ್ಥಳೀಯ ಸಂಸ್ಥೆಗಳು ಕೊಡುವುದು ಧರ್ಮ.

ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ, ಹೊಳೆಯ ದಂಡೆಯಲ್ಲಿಯೂ ಕೆರೆಯ ಏರಿಯ ಬಳಿಯಲ್ಲಿಯೂ ಹಳೆಯ ಪೇಟೆಬೀದಿಗಳಲ್ಲಿಯೂ ಇನ್ನೂ ನಿಂತಿರುವ ಮಳಿಗೆ, ಮಂಡಿ, ತೊಟ್ಟಿಯ ಮನೆಗಳ ಪಟ್ಟಿ ಮೊದಲು ಸಿದ್ಧವಾಗಬೇಕು. ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಒಡೆಯರ ಅನುಮತಿಯನ್ನು ಪಡೆದು ಅವುಗಳ ಅಳತೆ ತೆಗೆದು, ನಕ್ಷೆ ಬರೆದು, ಛಾಯಾಚಿತ್ರ ತೆಗೆಯಬಹುದು. ಅಟ್ಟದಲ್ಲಿ ಕಡತವೋ ಲೆಕ್ಕದ ಪುಸ್ತಕವೋ ಕೊಳಗವೋ ಸೇರೋ ತಕ್ಕಡಿಯೋ ಕಂಡರೆ ಅದನ್ನು ಗುಜರಿಗೆ ಕೊಡದೆ ವಿದ್ವಾಂಸರಿಗೆ ತೋರಿಸಬಹುದು. ಹಿರಿಯ ವರ್ತಕರನ್ನೂ ಹಮಾಲಿಗಳನ್ನೂ ಗಾಡಿ ಹೊಡೆದವರನ್ನೂ ಕೂರಿಸಿಕೊಂಡು ಅವರ ಮಾತುಗಳನ್ನು ಬರೆದಿಟ್ಟುಕೊಳ್ಳಬಹುದು. ಇದಕ್ಕೆ ಹೆಚ್ಚಿನ ಹಣ ಬೇಡ. ಆಸ್ಥೆ ಬೇಕು, ಮತ್ತು ತಡಮಾಡದಿರುವ ವಿವೇಕ ಬೇಕು.

ಮಹಾಜನರೇ, ನಮ್ಮ ಪೂರ್ವಜರು ಭಕ್ತರೂ ವೀರರೂ ಆಗಿದ್ದರೆಂದು ಕಲ್ಲುಗಳು ಹೇಳುತ್ತವೆ. ಅವರು ದುಡಿದು ಗಳಿಸಿದವರು, ಅಳೆದು ಕೊಟ್ಟವರು, ಪರರ ಸರಕನ್ನು ನ್ಯಾಸವೆಂದು ಕಾಯ್ದವರು ಎಂಬುದನ್ನು ಹೇಳಬಲ್ಲವು ಈ ಮಳಿಗೆಗಳು ಮಾತ್ರ. ಇಲ್ಲಿ ಕುಳಿತಿರುವವರಲ್ಲಿ ಯಾರ ಮನೆತನಕ್ಕಾದರೂ ಅಂಥದೊಂದು ಹಳೆಯ ಕಟ್ಟಡವಿದ್ದರೆ, ಅದನ್ನು ಕೆಡವುವ ನಿರ್ಧಾರಕ್ಕೆ ಬರುವ ಮುನ್ನ ಒಮ್ಮೆ ಅಳತೆ ತೆಗೆಯಿಸಿ, ಅದರ ಕಡತಗಳನ್ನು ಓದಿಸಿ, ಹೆಂಚನ್ನು ಸರಿಪಡಿಸಿದರೆ ಇನ್ನೆಷ್ಟು ಕಾಲ ನಿಂತೀತೆಂದು ಬಲ್ಲವರನ್ನು ಕೇಳಿ ಎಂದು ಕೈಮುಗಿದು ಪ್ರಾರ್ಥಿಸುತ್ತೇನೆ. ಬರುವ ವರ್ಷ ಈ ದತ್ತಿಯ ಉಪನ್ಯಾಸ ನಡೆಯುವ ಹೊತ್ತಿಗೆ ನಾಲ್ಕು ತಾಲ್ಲೂಕುಗಳ ಮಳಿಗೆಗಳ ಮೊದಲ ಪಟ್ಟಿಯು ತಮ್ಮ ಕೈಯಲ್ಲಿರುವಂತಾದರೆ, ದತ್ತಿಯನ್ನಿಟ್ಟವರ ಸಂಕಲ್ಪವು ಸಾರ್ಥಕವಾದಂತೆ.